ಮೊಣಕಾಲು

ಗಾಜು ಇಳಿಯುವುದಿಲ್ಲ. ಹನ್ನೊಂದು ದಿನ.
ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕೊಡಲು
ಬಾಗಿಲನ್ನೇ ತೆರೆದು ಕಾಲು ಕೆಳಗಿಟ್ಟರೆ
ಹುಡುಗ ಎರಡು ಹೆಜ್ಜೆ ಹಿಂದೆ:
ಈಯಮ್ಮ ಜಗಳಕ್ಕೇ ಇಳಿದಳು ಅಂತ.

ಹಿಂದಿನ ಸೀಟಿನಲ್ಲಿ ನೂರಿಪ್ಪತ್ತು ಜೀನ್ಸ್,
ಗುಂಡಿ ಹಚ್ಚದವು, ಒಗೆತಕ್ಕೆ ಹೊರಟವು.
ಎಸಿ ಹೋದ ಬೇಸಿಗೆಯಲ್ಲೇ ಸತ್ತಿದೆ.
ನೀಲಿ ಬಣ್ಣದ ಘಾಟು ದಾರಿ ಕಾಣದೆ
ನನ್ನ ಮೂಗಿನಲ್ಲೇ ಬಿಡಾರ ಹೂಡಿದೆ.

ಕೌಲ್ ಬಜಾರಿನ ಹೊನ್ನೂರ್ ವಲಿ.
ಅವನ ಅಂಗಡಿಗಿಂತ ಅದರ ಮುಂದಿನ ಬೇವು ದೊಡ್ಡದು.
"ಒತ್ರಿ" ಅಂದ. ಒತ್ತಿದೆ.
ಬಾಗಿಲಿಗೆ ಕಿವಿ ಹಚ್ಚಿ ನಿಂತ,
ಪಕ್ಕದ ಮನೆಯ ಮಾತು ಕದ್ದು ಕೇಳುವವನಂತೆ.
"ಇನ್ನೊಮ್ಮೆ."
"ಟಿಕ್ ಅನ್ನವಲ್ದು."

ಫ್ಯೂಸು ಕಿತ್ತು ಬಿಸಿಲಿಗೆ ಹಿಡಿದ,
ಒಳಗಿನ ಎಳೆ ತುಂಡಾಗಿಲ್ಲ.
ಆ ಬಾಗಿಲಿನ ಸ್ವಿಚ್ಚು ತಂದು ಈ ಬಾಗಿಲಿಗೆ ಹಚ್ಚಿದ.
ಉಹೂಂ.
ಬಾಗಿಲ ಹೊಟ್ಟೆ ಬಿಚ್ಚಿದ. ಕ್ಲಿಪ್ಪುಗಳು ಪಟಪಟ ಸಿಡಿದವು,
ಒಳಗೆ ಸೊಂಡೂರಿನ ಕೆಂಪುಮಣ್ಣು, ಒಂದು ಬೊಗಸೆ.
ಅಲ್ಲೋ, ಗಾಜು ಮುಚ್ಚೇ ಇತ್ತಲ್ಲ?
"ನಮ್ಮೂರ ಧೂಳಿಗೆ ಬಾಗ್ಲು ಬೇಕೇನಕ್ಕಾ?"

ಬ್ಯಾಟರಿಯಿಂದ ಮೋಟರಿಗೆ ನೇರ ಎರಡು ತಂತಿ:
ಗಾಜು ಸರ್ರನೆ ಇಳಿಯಿತು, ಏರಿತು.
"ಇದಕ್ಕೇನೂ ರೋಗಿಲ್ಲ."
ಮತ್ತೆ ರೋಗ ಯಾರಿಗೆ?
ಅವನು ಬೀಡಿ ಹುಡುಕಿದ.
ನಾನು ಸುಮ್ಮನಿರಲಾರದೆ ಬಾಗಿಲು ಆಡಿಸುತ್ತ
ಸ್ವಿಚ್ಚು ಒತ್ತುತ್ತ, ಆಡಿಸುತ್ತ, ಒತ್ತುತ್ತ
ಅರ್ಧ ತೆರೆದಿದ್ದಾಗ
ಗಾಜು ನಡುಗಿ ಒಂದು ಬೆರಳು ಜಾರಿತು.
ಪೂರ್ತಿ ಮುಚ್ಚಿದೆ. ಮೂಕ.

ಇಪ್ಪತ್ತೆರಡು ವರ್ಷ ಪ್ಯಾಂಟು ಹೊಲಿದವಳು ನಾನು.
ಎಷ್ಟೇ ಗಟ್ಟಿ ಬಟ್ಟೆ ತರಿಸಿದರೂ
ಮೊದಲು ಹೋಗುವುದು ಮೊಣಕಾಲು.
"ತಂತಿ ಎಲ್ಲಿ ಮಡಚ್ಕೊಂತೈತಿ?" ಅಂದೆ.

ಹಚ್ಚದ ಬೀಡಿ ಕಿವಿಯ ಮೇಲೆ ಹೋಯಿತು.
ಬಾಗಿಲೂ ಮೈಯೂ ಕೂಡುವಲ್ಲಿ ಕಪ್ಪು ರಬ್ಬರಿನ ತೋಳು,
ಸರಿಸಿದರೆ ಒಂಬತ್ತು ತಂತಿ, ಎಲ್ಲದರ ತೊಗಲೂ ನುಣ್ಣಗೆ.
ಒಂದೊಂದನ್ನೇ ಚಿವುಟಿ ಜಗ್ಗಿದ.
ನೀಲಿಯದು ಮಾತ್ರ
ಹಸಿ ಶ್ಯಾವಿಗೆಯಂತೆ ಉದ್ದವಾಯಿತು.

ಒಳಗೆ ತಾಮ್ರ ಯಾವಾಗಲೋ ಹರಿದಿದೆ.
ಮೇಲಿನ ತೊಗಲು, ಪಾಪ, ಏನೂ ಆಗಿಲ್ಲವೆಂದು
ಎರಡೂ ತುದಿಗಳನ್ನು ಹಿಡಿದುಕೊಂಡೇ ಇತ್ತು.

"ಮಡಿಕಿ ಮ್ಯಾಲೆ ಗಂಟು ಬ್ಯಾಡ" ಅಂದೆ.
"ಗೊತ್ತಕ್ಕಾ" ಅಂದ, ಸ್ವಲ್ಪ ಸಿಟ್ಟಿನಿಂದಲೇ.
ಗೇಣುದ್ದ ತಂತಿ ಹೆಚ್ಚು ಕೊಟ್ಟು
ಗಂಟನ್ನು ಬಾಗಿಲ ಒಳಕ್ಕೆ ಸರಿಸಿದ.
ಮುನ್ನೂರು ಕೇಳಿ, ಐವತ್ತು ತಾನೇ ವಾಪಸು ಕೊಟ್ಟ:
"ಇದು ನಿಮ್ಮ ಮೊಣಕಾಲಿಂದು."

ಮಧ್ಯಾಹ್ನ ಮೂರು. ಗಾಜು ಇಳಿಸಿದೆ.
ಒಲೆಯ ಬಾಯಿ ತೆರೆದಂತೆ ಗಾಳಿ ಮುಖಕ್ಕೆ ಬಡಿಯಿತು.
ಏರಿಸಿದೆ.
ಸಿಗ್ನಲ್ಲಿನಲ್ಲಿ ಮತ್ತೆ ಇಳಿಸಿದೆ,
ಮತ್ತೆ ಏರಿಸಿದೆ.
ಪಕ್ಕದ ಬೈಕಿನವನು ನೋಡುತ್ತಿದ್ದ.
ನೋಡಲಿ.