ಮೂರನೆಯ ಸಹಿ

ದುಲೂತಿನ ಆಸ್ಪತ್ರೆ, ನಾಲ್ಕನೇ ಮಹಡಿ.
ನನ್ನ ಮೇಜಿನ ಮೇಲೆ ಒಂದು ಮೊಹರು, ಎರಡು ಪೆನ್ನು,
ಅರ್ಧ ತಿಂದಿಟ್ಟ ಬ್ರೆಡ್ಡು.
ಕಿಟಕಿಯಾಚೆ ಸುಪೀರಿಯರ್ ಸರೋವರ
ಹೆಪ್ಪುಗಟ್ಟಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದೆ.

ಮದುವೆಯಾದವರದು ಸಲೀಸು.
ಗಂಡನ ಹೆಸರು ತಾನಾಗಿ ಹೋಗಿ ಕೂರುತ್ತದೆ ಖಾನೆಯಲ್ಲಿ,
ಕರೆಯದಿದ್ದರೂ ಊಟಕ್ಕೆ ಬಂದು ಕೂರುವ ಮನೆಯವನ ಹಾಗೆ.
ಮದುವೆಯಾಗದವರಿಗೆ ಒಂದು ಹಾಳೆ, ಎರಡು ಸಹಿ,
ಗುರುತಿನ ಚೀಟಿ, ನನ್ನೆದುರು ಒಂದು ಪ್ರಮಾಣ.
ಹದಿನೈದು ನಿಮಿಷದ ಕೆಲಸ.

ಟೂಲಾಳದ್ದು ಎರಡೂ ಅಲ್ಲ.
ಆರ್ವಿಡ್ ಜೊತೆ ಮಾತು ಬಿಟ್ಟು ಮೂರು ವರ್ಷ.
ವಿಚ್ಛೇದನದ ಕಾಗದ ಮಾತ್ರ ಯಾವುದೋ ಡ್ರಾಯರಿನಲ್ಲಿ
ವಕೀಲರ ಫೀಸಿಗೆ ಕಾಯುತ್ತಾ ಮಲಗಿದೆ.
ಬಾತ ಪಾದ ಒತ್ತಿದವನು, ಹೊಕ್ಕುಳಬಳ್ಳಿ ಕತ್ತರಿಸಿದವನು
ಅದಿರು ಹಡಗಿನ ಅಡುಗೆಯವ ರೋಲಂಡ್.
"ಎಲ್ಲಿ ಸಹಿ ಹಾಕಲಿ?" ಎಂದ.
ಹಾಕಿ, ಅಂದೆ. ಆದರೆ ಇನ್ನೊಬ್ಬರ 'ಅಲ್ಲ' ಬರುವ ತನಕ
ನಿಮ್ಮ 'ಹೌದು' ಬರೀ ಶಾಯಿ.
ಕಾನೂನಿಗೆ ಕಣ್ಣಿಲ್ಲ, ಕ್ಯಾಲೆಂಡರ್ ಇದೆ.

ಆರ್ವಿಡ್ ಬಂದ, ಮರುದಿನ ಸಂಜೆ,
ಇನ್ನೂರು ಮೈಲಿ ಟ್ರಕ್ ಓಡಿಸಿಕೊಂಡು.
ಗಡ್ಡದಲ್ಲಿ ಕರಗದ ಹಿಮ.
ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟು
ಹಾಳೆಯನ್ನು ಎರಡೆರಡು ಸಲ ಓದಿದ.

"'ಈ ಮಗುವಿನ ತಂದೆ ನಾನಲ್ಲ' ಅಂತಿದೆ."
ಹೌದು.
"ಹಾಗಾದರೆ ಯಾವ ಮಗು ಅಂತ ನೋಡಬೇಡವೇ?"

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಟೂಲಾ ಗೋಡೆ ನೋಡಿದಳು.
ರೋಲಂಡ್ ಎದ್ದ, ತೊಟ್ಟಿಲಿಗೆ ಬಗ್ಗಿದ,
ಬಿಸಿ ಪಾತ್ರೆ ಹಿಡಿದವನಂತೆ ಎರಡೂ ಕೈಯಲ್ಲಿ
ತಂದು ಕೊಟ್ಟ.

ಆರ್ವಿಡ್ ಕತ್ತಿನ ಕೆಳಗೆ ಅಂಗೈ ಸೇರಿಸಿದ.
ಯಾರು ಕಲಿಸಿದ್ದರೋ, ಯಾವಾಗ ಕಲಿತಿದ್ದನೋ.
ಮಗು ಬಿಕ್ಕಳಿಸಿತು, ಅವನು ಕಾದ, ಇನ್ನೊಮ್ಮೆ ಬಿಕ್ಕಳಿಸಿತು.
"ಕಿವಿ ನಿನ್ನದೇ," ಎಂದ ರೋಲಂಡನಿಗೆ.
ಆಮೇಲೆ ಸಹಿ ಹಾಕಿದ,
ಕೆಳಗಿನ ಹಾಳೆಗಳೂ ಗುಳಿ ಬೀಳುವಷ್ಟು ಒತ್ತಿ.

ಮನಸ್ಸು ಬದಲಾದರೆ ಅರವತ್ತು ದಿನ ಇದೆ,
ಎಂದೆ ಮೂವರಿಗೂ. ಹೇಳಲೇಬೇಕು, ನಿಯಮ.
ಯಾರೂ ಕೇಳಿಸಿಕೊಂಡಂತಿರಲಿಲ್ಲ.

ಬಾಗಿಲಲ್ಲಿ ಆರ್ವಿಡ್ ತಿರುಗಿದ.
ಜೇಬಿನಿಂದ ಮುದುಡಿದ ಪಾರ್ಕಿಂಗ್ ಚೀಟಿ:
"ಇದಕ್ಕೂ ಮೊಹರು ಬೇಕಂತೆ, ಕೆಳಗೆ ಹೇಳಿದರು."
ತಂದೆಯರಿಗೆ ಮಾತ್ರ ಪುಕ್ಕಟೆ, ಎಂದು
ಅವನ ತಲೆಯ ಹಿಂದಿನ ಬೋರ್ಡಿನಲ್ಲೇ ಬರೆದಿತ್ತು.

ಒತ್ತಿ ಕೊಟ್ಟೆ.