ಬೂದು

ಬರಿಗೈಯಲ್ಲಿ ಮುಟ್ಟಬೇಡ ಅಂತಾರೆ ನಸರುಲ್ಲಾ ಚಾಚಾ.
ತೊಳೆದಿಟ್ಟ ಪೆಟ್ರೋಲ್ ಟ್ಯಾಂಕು ನನ್ನ ಹೆಬ್ಬೆಟ್ಟಿನಷ್ಟೇ ಇದೆ.
ಅಚ್ಚಿನಿಂದ ಅಂಟಿಬಂದ ಜಿಡ್ಡು
ಕಣ್ಣಿಗೆ ಕಾಣಲ್ಲ, ಬಣ್ಣಕ್ಕೆ ಗೊತ್ತಾಗುತ್ತೆ.

ಮಂಡಿ ಮೊಹಲ್ಲಾದ ತಾರಸಿ. ಬೋಗುಣಿಯಲ್ಲಿ ಸೋಪಿನ ನೀರು,
ಹಳೇ ಹಲ್ಲುಜ್ಜುವ ಬ್ರಷ್ಷು,
ರೆಸಿನ್ನಿನ ಮಡ್ಗಾರ್ಡು, ಚೈನ್ ಕವರು.
ಉಪ್ಪುಕಾಗದ ನೆನೆಸಿಯೇ ಉಜ್ಜಬೇಕು,
ಒಣ ಧೂಳು ಎದೇಲಿ ಕೂರುತ್ತೆ;
ಯಾದವಗಿರಿಯ ಬೈಕ್ ಫ್ಯಾಕ್ಟರಿ, ಪೇಂಟ್ ಶಾಪು, ಇಪ್ಪತ್ತೆರಡು ವರ್ಷ,
ಆಗ ಕೂತಿದ್ದು ಇನ್ನೂ ಎದ್ದಿಲ್ಲ ನೋಡು
ಅಂತ ಕೆಮ್ಮುತ್ತಾ ನಗ್ತಾರೆ.

ಕಬಾಬ್ ಕಡ್ಡಿಗೆ ಸಿಕ್ಕಿಸಿದ ಟ್ಯಾಂಕು ತಿರುಗಿಸುತ್ತಾ
ಗೇಣು ದೂರದಿಂದ ಪ್ರೈಮರ್ ಊದಿದರು.
ಆಗ ಕಂಡವು
ಸೂಜಿಮೊನೆಯಂಥ ತೂತು, ಮಗ್ಗುಲಲ್ಲೊಂದು ಗೀರು.
ಇಷ್ಟೊತ್ತು ಎಲ್ಲಿದ್ದವು?
ಅಲ್ಲೇ. ಕೆನೆಬಣ್ಣದ ಮೇಲೆ ಬಿಸಿಲು ಸುಳ್ಳು ಹೇಳುತ್ತೆ,
ಬೂದು ಹೇಳಲ್ಲ.

ಪುಟ್ಟಿ ಮೆತ್ತಿ, ಮತ್ತೆ ಉಜ್ಜಿ, ಮತ್ತೆ ಬೂದು.
ಕೆಂಪು ಯಾವಾಗ ಅಂದೆ.
ನಾಳೆ. ಮೋಡ ಇದ್ದರೆ ಅದೂ ಇಲ್ಲ.

ಆಮೇಲೆ ಕಡ್ಡಿಯನ್ನು ಬದನೆಕಾಯಿಗೆ ಚುಚ್ಚಿ ನಿಲ್ಲಿಸುತ್ತಾ,
ನನಗಲ್ಲವೆಂಬಂತೆ, ಹೇಳಿದರು:
ಗೇಟು ಮುಚ್ಚಿದ ದಿನ
ಲೈನಿನಲ್ಲಿ ಹದಿನಾಲ್ಕು ಟ್ಯಾಂಕು ನೇತಾಡುತ್ತಿದ್ದವು,
ತೊಳೆದು, ಉಜ್ಜಿ,
ಪ್ರೈಮರ್ ಹೊಡೆದು.