ಡಬ್ಬಿಯಲ್ಲಿ ಕಿವಿ

ಲಗ್ಗೆರೆಯ ಹಿಟ್ಟಿನ ಗಿರಣಿಯ ಮೇಲೆ
ಬಾಡಿಗೆ ಕಡಿಮೆಯೆಂದು ಹಿಡಿದ ಕೋಣೆ.
ಕೆಳಗೆ ರಾಗಿ ಬಿದ್ದಾಗಲೆಲ್ಲ
ಮೇಲೆ ಪಾಠ ನಿಲ್ಲುತ್ತದೆ.
ಕೇಳಲು ಕಲಿಸುವವಳು ಇಂಥ ಕಡೆ ಬಂದು ಕೂತೆನಲ್ಲ
ಎಂದು ನಗುತ್ತೇನೆ. ವೆನ್ನೆಲ ನಗುವುದಿಲ್ಲ.
ಅವಳಿಗೆ ಗಿರಣಿ ಇಷ್ಟ.
ಅಂಗೈ ನೆಲಕ್ಕೂರಿ ಕೇಳುತ್ತಾಳೆ,
ಅದಕ್ಕೆ ಬ್ಯಾಟರಿ ಬೇಡ.

ಹತ್ತು ವರ್ಷ. ಮೂರರಲ್ಲಿ ಆಪರೇಷನ್.
ಬಲಗಿವಿಯ ಹಿಂದೆ, ಕೂದಲ ಕೆಳಗೆ, ಅಯಸ್ಕಾಂತ;
ಅಮ್ಮನ ಹೇರ್‌ಪಿನ್ನು ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತದೆ.
ಸರ್ಕಾರ ಕೊಟ್ಟದ್ದು ಒಂದು ಕಿವಿಗೆ.
ಇನ್ನೊಂದರ ಬೆಲೆ ಕೇಳಿದ ದಿನ
ರಮಣಮ್ಮ ಬಸ್ಸು ಹತ್ತಲಿಲ್ಲವಂತೆ,
ಯಶವಂತಪುರದಿಂದ ರಿಂಗ್ ರೋಡಿನ ಧೂಳಿನಲ್ಲಿ
ನಡೆದೇ ಬಂದಳಂತೆ.

ಮನೆಯಲ್ಲಿ ಒಂದೇ ಭಾಷೆ ಇರಲಿ, ಅಂದವಳು ನಾನೇ.
ಅಂದಿನಿಂದ ರಮಣಮ್ಮ ತನ್ನ ತೆಲುಗನ್ನು
ಮಗಳು ಮಲಗಿದ ಮೇಲೆ ಮಾತ್ರ ಆಡುತ್ತಾಳೆ,
ಫೋನಿನಲ್ಲಿ, ತಂಗಿಯ ಜೊತೆ, ಪಿಸುಗುಟ್ಟುತ್ತ,
ಪಿಸುಗುಟ್ಟುವ ಅಗತ್ಯವೇನೂ ಇಲ್ಲದೆ.
ಹಗಲು ಆ ಮನೆಯಲ್ಲಿ ಉಳಿದ ತೆಲುಗು
ಮಗಳ ಹೆಸರೊಂದೇ.
ಅದನ್ನೂ ಅವಳು ಎಂಟು ವರ್ಷದವರೆಗೆ
ಒತ್ತಿಲ್ಲದೆ ಬರೆದಳು: ವೆನೆಲ.
ಒತ್ತೆಂದರೆ ಏನು, ಚಣದ ತಡೆ,
ಉಸಿರು ಹೊಸ್ತಿಲಲ್ಲಿ ನಿಂತು ದಾಟುವಷ್ಟು ಹೊತ್ತು.
ಆ ಹೊತ್ತನ್ನು ಯಂತ್ರ
ಕೆಲವೊಮ್ಮೆ ಕೊಡುತ್ತದೆ, ಕೆಲವೊಮ್ಮೆ ಇಲ್ಲ.

ಉಕ್ತಲೇಖನ.
ಕಸೂತಿಯ ಬಳೆಗೆ ಕಪ್ಪು ಬಟ್ಟೆ ಬಿಗಿದು
ಬಾಯಿಗೆ ಅಡ್ಡ ಹಿಡಿಯುತ್ತೇನೆ, ತುಟಿ ಓದದಿರಲೆಂದು.
ಪಟ್ಟೆ ಅಂದರೆ ಬಟ್ಟೆ ಬರೆಯುತ್ತಾಳೆ.
ಶಾಲೆ ಅಂದರೆ ಸಾಲೆ. ಬಿಡಿ,
ಗಿರಣಿಯ ಸಿದ್ದಣ್ಣನೂ ಹಾಗೇ ಅನ್ನುತ್ತಾನೆ.

ಪದಗಳದಲ್ಲ ನನ್ನ ಚಿಂತೆ, ಪದಗಳ ಬಾಲದ್ದು.
ಗೆ, ಇಂದ, ಅಲ್ಲಿ, ಅನ್ನು:
ಮಾತಿನ ತುದಿಯಲ್ಲಿ ನಾವೆಲ್ಲ ನುಂಗಿಬಿಡುವ ಚೂರುಗಳು.
ಬೇರೆ ಮಕ್ಕಳು ಯಾರೂ ಕಲಿಸದೆಯೇ
ನೆಲದಿಂದ ಹೆಕ್ಕಿಕೊಳ್ಳುತ್ತಾರೆ.
ಇವಳ ಪುಸ್ತಕದಲ್ಲಿ
ಅಮ್ಮ ಫ್ಯಾಕ್ಟರಿ ಹೋದಳು. ಅಜ್ಜಿ ಊರು ಬಂದಳು.
ನಾನು ಬೆಕ್ಕು ಹಾಲು ಕೊಟ್ಟೆ.
ಗುಂಡಿ ಹಾಕದ ಅಂಗಿ ಇದ್ದ ಹಾಗೆ, ಅಂದೆ.
ರಮಣಮ್ಮನಿಗೆ ತಟ್ಟನೆ ತಿಳಿಯಿತು.
ಗಾರ್ಮೆಂಟ್ಸಿನಲ್ಲಿ ಅವಳದು ಗುಂಡಿಯ ಸಾಲು,
ದಿನಕ್ಕೆ ಎಂಟುನೂರು ಅಂಗಿ.
ಮರುವಾರ ಚೀಲದಲ್ಲಿ ಗುಂಡಿಗಳನ್ನೇ ತಂದಳು,
ಎಲ್ಲಿಂದ ಎಂದು ನಾನು ಕೇಳಲಿಲ್ಲ.
ಗೆ ಕೆಂಪು, ಅಲ್ಲಿ ಹಸಿರು,
ಇಂದ ಎರಡು ತೂತಿನ ಬಿಳಿಯದು.
ಸಾಲುಗಳ ಮೇಲೆ ಇಟ್ಟು ಆಡಿದೆವು
ಒಂದು ಮಳೆಗಾಲವಿಡೀ.

ಮೊನ್ನೆ ಕೊಟ್ಟ ವಿಷಯ: ರಾತ್ರಿ.
ಬೇರೆಯವರು ಚಂದಿರ ಬರೆದರು, ಸೊಳ್ಳೆ ಬರೆದರು,
ಕರೆಂಟು ಹೋದದ್ದು ಬರೆದರು.
ವೆನ್ನೆಲ ಬರೆದದ್ದು:

    ರಾತ್ರಿ ಕಿವಿಯನ್ನು ತೆಗೆದೆ.
    ಡಬ್ಬಿಯಲ್ಲಿ ಇಟ್ಟೆ.
    ನೀಲಿ ಹರಳು ಕಿವಿಯ ನೀರನ್ನು ಕುಡಿಯುತ್ತದೆ.
    ನಾನು ನಿದ್ದೆ ಇಲ್ಲ. ಅಮ್ಮ ಬಾಯಿ ಆಡುತ್ತದೆ.
    ಡಬ್ಬಿಯಲ್ಲಿ ಕಿವಿ ಒಬ್ಬಳೇ ಇದೆ.

ಅಮ್ಮನಿಗೆ ಒಂದು 'ನ' ಹಚ್ಚಿದೆ.
ಆಮೇಲೆ ಕೆಂಪು ಪೆನ್ನು 'ಒಬ್ಬಳೇ' ಮೇಲೆ ನಿಂತಿತು.
ಕೆಳಗೆ ಗಿರಣಿ ನಿಂತು, ಮತ್ತೆ ಶುರುವಾಯಿತು.
ಕಿವಿ ನಪುಂಸಕಲಿಂಗ.
ಪರೀಕ್ಷೆಯ ಕಾಗದ ತಿದ್ದುವವರಿಗೆ
ಆ ಡಬ್ಬಿ ಗೊತ್ತಿರುವುದಿಲ್ಲ.
ಹೊಡೆದುಹಾಕಿದೆ. 'ಒಂದೇ' ಎಂದು ಬರೆದೆ.

ಶುದ್ಧಪ್ರತಿ ಮಾಡಿ ತಂದಿದ್ದಾಳೆ,
ದುಂಡಗೆ, ಒತ್ತುಗಳೆಲ್ಲ ಅದರದರ ಜಾಗದಲ್ಲಿ:

    ಡಬ್ಬಿಯಲ್ಲಿ ಕಿವಿ ಒಂದೇ ಇದೆ.

ಓದಿದೆ. ಮತ್ತೆ ಓದಿದೆ.
ವ್ಯಾಕರಣ ಸರಿಯಾಗಿತ್ತು.
ಲೆಕ್ಕವೂ.

ಪುಟದ ಕೆಳಗೆ ತಾಯಿಯ ಸಹಿ ಬೇಕು.
ರಮಣಮ್ಮ ತೆಲುಗಿನಲ್ಲಿ ಹಾಕುತ್ತಾಳೆ.
ಅದಕ್ಕೂ ಮೊದಲು
ನಾನೇ ಓದಿ ಹೇಳಬೇಕು.